ಸ್ಟಾರ್ಮ್ ಜಿಬ್ ಏರಿಸುವ ಕ್ರಮ: ಬಂದರಿನ ಸಿದ್ಧತೆಯಿಂದ ಕಡಲಿನ ಬಳಕೆಯವರೆಗೆ

ಎಂದಿನ ಮುಂಭಾಗದ ಹಾಯಿಯನ್ನು ಇಳಿಸಿದ ಅಥವಾ ಸುತ್ತಿಟ್ಟ ಬಳಿಕ, ತೀವ್ರ ಗಾಳಿಯಲ್ಲಿ ಮಾತ್ರ ಏರಿಸುವ ಚಿಕ್ಕದಾದ, ದಪ್ಪ ಬಟ್ಟೆಯ, ಚಪ್ಪಟೆಯಾಗಿ ಹೊಲಿದ ತ್ರಿಕೋನಾಕಾರದ ಹಾಯಿಯೇ ಸ್ಟಾರ್ಮ್ ಜಿಬ್. ಬಹಳಷ್ಟು ಹಾಯಿದೋಣಿಗಳಲ್ಲಿ ಇದು ಹೊಲಿಗೆಯವರು ಮಡಿಸಿಕೊಟ್ಟ ಮಡಿಕೆಯಲ್ಲೇ ಚೀಲದೊಳಗೆ ಉಳಿದಿರುತ್ತದೆ. ಅದನ್ನು ಯಾವ ತಂತಿಗೆ ಕಟ್ಟಬೇಕು, ಅದರ ಹಗ್ಗ ಡೆಕ್ಕಿನ ಯಾವ ಬ್ಲಾಕಿನ (ಗಾಲಿಯ) ಮೂಲಕ ಹಾದು ವಿಂಚಿಗೆ (ಹಗ್ಗ ಎಳೆದು ಬಿಗಿಯುವ ಉರುಳೆಗೆ) ಬರಬೇಕು ಎಂಬುದನ್ನು ಯಾರೂ ಪರೀಕ್ಷಿಸಿ ನೋಡಿರುವುದಿಲ್ಲ. ಈ ಹಾಯಿ ಕೈಕೊಟ್ಟ ಸಂದರ್ಭಗಳನ್ನು ವಿಚಾರಿಸಿ ನೋಡಿದರೆ, ಬಟ್ಟೆ ಹರಿದದ್ದಕ್ಕಿಂತ ಹಾಯಿಯನ್ನು ತಡವಾಗಿ ಏರಿಸಹೊರಟದ್ದೇ ಹೆಚ್ಚಾಗಿ ಕಾರಣವಾಗಿರುತ್ತದೆ ಎಂಬುದು ನನ್ನ ಅಭಿಪ್ರಾಯ. ಹೀಗಾಗಿ ಈ ಬರಹದ ದೊಡ್ಡ ಪಾಲು ಬಿರುಗಾಳಿಗಿಂತ ಬಹಳ ಮೊದಲು, ದೋಣಿ ಬಂದರಿನಲ್ಲಿ ಕಟ್ಟಿ ನಿಂತಿರುವಾಗಲೇ ಮಾಡಬೇಕಾದ ಕೆಲಸಕ್ಕೆ ಮೀಸಲಾಗಿದೆ.

ಇಷ್ಟು ಚಿಕ್ಕ ಹಾಯಿ ಸಾಕೇ ಎಂಬ ಸಂದೇಹಕ್ಕೆ ಉತ್ತರ ಲೆಕ್ಕದಲ್ಲಿದೆ. ಗಾಳಿಯ ಒತ್ತಡವು ಅದರ ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ, ವೇಗ ಎರಡು ಪಟ್ಟಾದರೆ ಒತ್ತಡ ನಾಲ್ಕು ಪಟ್ಟಾಗುತ್ತದೆ. 20 ನಾಟ್ (ಒಂದು ನಾಟ್ ಎಂದರೆ ಗಂಟೆಗೆ ಸುಮಾರು 1.85 ಕಿಲೋಮೀಟರ್) ವೇಗದ ಗಾಳಿ ತನಗೆ ಅಡ್ಡಲಾಗಿ ನಿಂತ ಪ್ರತಿ ಚದರ ಮೀಟರಿನ ಮೇಲೆ ಸುಮಾರು 6.5 ಕಿಲೋಗ್ರಾಂ ತೂಕದಷ್ಟು ಒತ್ತಿದರೆ, 50 ನಾಟ್ ಗಾಳಿ ಸುಮಾರು 41 ಕಿಲೋಗ್ರಾಂನಷ್ಟು ಒತ್ತುತ್ತದೆ. ಅಂದರೆ 50 ನಾಟ್ ಗಾಳಿಯಲ್ಲಿ 7 ಚದರ ಮೀಟರಿನ ಸ್ಟಾರ್ಮ್ ಜಿಬ್ ಹೊರುವ ಭಾರವು, 24 ನಾಟ್ ಗಾಳಿಯಲ್ಲಿ ಪೂರ್ತಿ ಬಿಚ್ಚಿದ 32 ಚದರ ಮೀಟರಿನ ಜೆನೋವಾ, ಅಂದರೆ ಮುಂಭಾಗದ ದೊಡ್ಡ ಹಾಯಿ, ಹೊರುವ ಭಾರಕ್ಕೆ ಹೆಚ್ಚುಕಡಿಮೆ ಸಮನಾಗುತ್ತದೆ. ದೋಣಿಯನ್ನು ಮುನ್ನಡೆಸಲು ಈ ಬಲ ಧಾರಾಳವಾಗಿ ಸಾಕು. ಇದೇ ಲೆಕ್ಕ ಮತ್ತೊಂದು ಸಂಗತಿಯನ್ನೂ ಹೇಳುತ್ತದೆ: ಹಾಯಿ ಚಿಕ್ಕದೆಂದು ಅದರ ಹಗ್ಗ, ಕೊಕ್ಕೆ, ಬ್ಲಾಕುಗಳನ್ನು ತೆಳುವಾದವುಗಳಲ್ಲಿ ಆರಿಸುವಂತಿಲ್ಲ. ಹಾಯಿ ಪಟಪಟನೆ ಬಡಿದುಕೊಳ್ಳುವಾಗ ಬೀಳುವ ಏಟುಗಳು ಈ ಲೆಕ್ಕದ ಆಚೆಗಿನವು.

ಫರ್ಲರಿನಲ್ಲಿ ಅರ್ಧ ಸುತ್ತಿದ ಜೆನೋವಾ ಏಕೆ ಸಾಲದು

ಇಂದಿನ ಹೆಚ್ಚಿನ ದೋಣಿಗಳಲ್ಲಿ ಮುಂಭಾಗದ ಹಾಯಿ ಫರ್ಲರಿಗೆ, ಅಂದರೆ ಮುಂದಿನ ತಂತಿಯ ಮೇಲೆ ತಿರುಗುವ ಸಾಧನಕ್ಕೆ, ಸುತ್ತಿಕೊಳ್ಳುವಂಥದು. ದೋಣಿ ನಡೆಸುವವರು ಕೂರುವ ಕಾಕ್‌ಪಿಟ್ಟಿನಿಂದಲೇ ಒಂದು ಹಗ್ಗ ಎಳೆದರೆ ಹಾಯಿ ಬೇಕಾದಷ್ಟು ಕಿರಿದಾಗುತ್ತದೆ. ಮೂರನೆಯ ಒಂದು ಭಾಗದಷ್ಟು ಸುತ್ತುವವರೆಗೆ ಈ ಏರ್ಪಾಡು ತಕ್ಕಮಟ್ಟಿಗೆ ಕೆಲಸ ಮಾಡುತ್ತದೆ. ಅದಕ್ಕಿಂತ ಹೆಚ್ಚು ಸುತ್ತಿದಾಗ ಹಾಯಿಯ ನಡುಭಾಗ ಉಬ್ಬಿ ಜೋಲುತ್ತದೆ, ಅದರ ಮುಂದಿನ ಅಂಚು ದಪ್ಪ ಕೊಳವೆಯಂತಾಗಿ ಗಾಳಿಯ ಹರಿವನ್ನು ಕೆಡಿಸುತ್ತದೆ. ಹಾಗಾದಾಗ ಹಾಯಿ ದೋಣಿಯನ್ನು ಮುಂದಕ್ಕೆ ಎಳೆಯುವುದಕ್ಕಿಂತ ಬದಿಗೆ ವಾಲಿಸುವುದರಲ್ಲೇ ತನ್ನ ಬಲವನ್ನು ಕಳೆಯುತ್ತದೆ. ಮೇಲಾಗಿ, ಅಷ್ಟೂ ಭಾರ ಫರ್ಲರಿನ ಸಣ್ಣ ಹಗ್ಗವೊಂದರ ಮೇಲೆ ನಿಂತಿರುತ್ತದೆ. ಆ ಹಗ್ಗ ಸವೆದು ತುಂಡಾದರೆ ಒಂದೇ ಕ್ಷಣದಲ್ಲಿ ಪೂರ್ತಿ ಜೆನೋವಾ ಬಿರುಗಾಳಿಗೆ ತೆರೆದುಕೊಳ್ಳುತ್ತದೆ, ಮತ್ತು ಆ ಸ್ಥಿತಿಯಿಂದ ಹಾಯಿಕಂಬಕ್ಕೆ ಹಾನಿಯಾಗದಂತೆ ಹೊರಬರುವುದು ಬಹಳ ಕಷ್ಟ. ಜೆನೋವಾವನ್ನು ಪೂರ್ತಿಯಾಗಿ ಸುತ್ತಿ ಕಟ್ಟಿ, ಪ್ರತ್ಯೇಕವಾದ ಸ್ಟಾರ್ಮ್ ಜಿಬ್ ಏರಿಸಬೇಕೆಂದು ಅನುಭವಿಗಳು ಒತ್ತಿ ಹೇಳುವುದು ಈ ಕಾರಣಕ್ಕಾಗಿ.

ಅಳತೆ, ಬಟ್ಟೆ, ಬಣ್ಣ

ತೆರೆಗಡಲಿನ ಸ್ಪರ್ಧೆಗಳಿಗಾಗಿ ವರ್ಲ್ಡ್ ಸೈಲಿಂಗ್ ಸಂಸ್ಥೆ ರೂಪಿಸಿರುವ ಆಫ್‌ಶೋರ್ ಸ್ಪೆಷಲ್ ರೆಗ್ಯುಲೇಷನ್ಸ್ ಎಂಬ ನಿಯಮಾವಳಿ ಸ್ಪರ್ಧೆಗೆ ಹೋಗದವರಿಗೂ ಉತ್ತಮ ಅಳತೆಗೋಲು. ಅದರ ಪ್ರಕಾರ ಸ್ಟಾರ್ಮ್ ಜಿಬ್ಬಿನ ವಿಸ್ತೀರ್ಣವು ಮುಂಭಾಗದ ತ್ರಿಕೋನದ ಎತ್ತರದ ವರ್ಗದ ಶೇಕಡಾ 5ನ್ನು ಮೀರಬಾರದು, ಅದರ ಮುಂದಿನ ಅಂಚಿನ ಉದ್ದ ಅದೇ ಎತ್ತರದ ಶೇಕಡಾ 65ನ್ನು ಮೀರಬಾರದು. ಮುಂಭಾಗದ ತ್ರಿಕೋನದ ಎತ್ತರವೆಂದರೆ, ಡೆಕ್ಕಿನ ಮಟ್ಟದಿಂದ ಮುಂದಿನ ಆಧಾರತಂತಿ, ಅಂದರೆ ಫೋರ್‌ಸ್ಟೇ, ಹಾಯಿಕಂಬವನ್ನು ಸೇರುವ ಜಾಗದವರೆಗಿನ ಎತ್ತರ. ಅದು 12 ಮೀಟರ್ ಇದ್ದರೆ ಹಾಯಿಯ ಗರಿಷ್ಠ ವಿಸ್ತೀರ್ಣ 7.2 ಚದರ ಮೀಟರ್, ಮುಂದಿನ ಅಂಚಿನ ಗರಿಷ್ಠ ಉದ್ದ 7.8 ಮೀಟರ್ ಆಗುತ್ತದೆ. ಇವು ಮೇಲಿನ ಮಿತಿಗಳೆಂಬುದನ್ನು ಮರೆಯಬಾರದು. ಹಗುರವಾದ ದೋಣಿಗೆ ಅಥವಾ ಬೇಗನೆ ವಾಲುವ ದೋಣಿಗೆ ಇದಕ್ಕಿಂತ ಚಿಕ್ಕದನ್ನೇ ಹೊಲಿಸುವುದು ಲೇಸು. ಭಾರವಾದ, ಆಳದ ಕೀಲ್ (ತಳದಿಂದ ನೀರಿಗಿಳಿದ ಭಾರದ ರೆಕ್ಕೆ) ಉಳ್ಳ ದೋಣಿ ಮಿತಿಯ ಹತ್ತಿರದ ಅಳತೆಯನ್ನು ಹೊರಬಲ್ಲದು.

ಬಟ್ಟೆ ಸಾಮಾನ್ಯವಾಗಿ ದಪ್ಪ ಪಾಲಿಯೆಸ್ಟರಿನದು. ಸ್ಪರ್ಧೆಯ ಹಾಯಿಗಳಲ್ಲಿ ಬಳಸುವ ಕಾರ್ಬನ್ ಮತ್ತು ಅರಾಮಿಡ್ ಎಳೆಗಳು ಮತ್ತೆ ಮತ್ತೆ ಮಡಿಸಿಕೊಂಡು ಬಡಿದುಕೊಂಡಾಗ ಮುರಿಯುವ ಸ್ವಭಾವದವಾದ್ದರಿಂದ ನಿಯಮಾವಳಿ ಅವುಗಳನ್ನು ಬಿರುಗಾಳಿ ಹಾಯಿಗಳಲ್ಲಿ ಒಪ್ಪುವುದಿಲ್ಲ. ಹೊಲಿಗೆ ಮೂರು ಸಾಲಿನದಾಗಿರಬೇಕು, ಮೂರೂ ಮೂಲೆಗಳಲ್ಲಿ ಹಲವು ಪದರಗಳ ಒತ್ತುಪಟ್ಟಿ ಇರಬೇಕು, ಮೂಲೆಯ ಉಂಗುರಗಳನ್ನು ಅಗಲವಾದ ನೇಯ್ಗೆ ಪಟ್ಟಿಗಳಿಂದ ಬಟ್ಟೆಗೆ ಬಿಗಿದಿರಬೇಕು. ಹಾಯಿಯ ಕೆಳಅಂಚು ಹಿಂದಕ್ಕೆ ಹೋದಂತೆ ಮೇಲೇರುವಂತೆ ಕತ್ತರಿಸಿದ್ದರೆ ಡೆಕ್ಕಿನ ಮೇಲೆ ನುಗ್ಗುವ ನೀರು ಹಾಯಿಗೆ ತಾಗದೆ ಅಡಿಯಿಂದ ಹಾದುಹೋಗುತ್ತದೆ. ಬಣ್ಣದ ವಿಷಯದಲ್ಲಿ ಕಿತ್ತಳೆ, ಹಳದಿ, ಗುಲಾಬಿಯಂಥ ಕಣ್ಣಿಗೆ ಹೊಡೆಯುವ ಬಣ್ಣವೇ ಇರಲಿ. ಬಿಳಿನೊರೆಯ ಕಡಲಿನಲ್ಲಿ ಬಿಳಿಯ ಹಾಯಿಯನ್ನು ಮೇಲಿನಿಂದ ಹುಡುಕುವ ಹೆಲಿಕಾಪ್ಟರಿನ ಕಷ್ಟವನ್ನು ಊಹಿಸಿಕೊಂಡರೆ ಈ ಆಯ್ಕೆಯಲ್ಲಿ ಸೊಗಸಿನ ಪ್ರಶ್ನೆ ಏಳುವುದಿಲ್ಲ.

ಮುಂದಿನ ಅಂಚಿನಲ್ಲಿ ಹಾಯಿಯನ್ನು ತಂತಿಗೆ ಹಿಡಿದಿಡುವ ಹ್ಯಾಂಕ್ ಎಂಬ ಕೊಕ್ಕೆಗಳಿರುತ್ತವೆ. ಸ್ಪ್ರಿಂಗ್ ಇರುವ ಕಂಚಿನ ಹ್ಯಾಂಕುಗಳು ನಂಬಿಕೆಗೆ ಅರ್ಹವಾದವು. ಕೈಗವಸು ತೊಟ್ಟ, ಚಳಿಗೆ ಮರಗಟ್ಟಿದ ಬೆರಳುಗಳಿಂದಲೂ ತೆರೆಯುವಷ್ಟು ದೊಡ್ಡ ಗಾತ್ರದವನ್ನೇ ಆರಿಸಬೇಕು. ಸ್ಪರ್ಧೆಯ ದೋಣಿಗಳಂತೆ ಫೋರ್‌ಸ್ಟೇಯ ಮೇಲಿನ ತೋಡಿನೊಳಗೆ ಹಾಯಿಯ ಅಂಚನ್ನು ತೂರಿಸುವ ವ್ಯವಸ್ಥೆ ಮಾತ್ರ ಇದ್ದರೆ ಅದು ಸಾಲದು. ತೋಡನ್ನು ಅವಲಂಬಿಸದ ಮತ್ತೊಂದು ಕಟ್ಟುವ ದಾರಿ ಇರಲೇಬೇಕೆಂದು ನಿಯಮಾವಳಿಯೂ ಹೇಳುತ್ತದೆ. ತೋಡಿನಲ್ಲಿ ಏರಿಸಿದ ಹಾಯಿ ಇಳಿಸುವಾಗ ಪೂರ್ತಿ ಕಳಚಿಕೊಂಡು ಗಾಳಿಯ ಪಾಲಾಗುವ ಅಪಾಯವಿದೆ, ಹ್ಯಾಂಕಿನ ಹಾಯಿ ಇಳಿದ ಮೇಲೂ ತಂತಿಯನ್ನು ಬಿಡುವುದಿಲ್ಲ.

ಯಾವ ತಂತಿಗೆ ಕಟ್ಟುವುದು

ಇದಕ್ಕೆ ಎರಡು ದಾರಿಗಳಿವೆ. ಮೊದಲನೆಯದು, ಫೋರ್‌ಸ್ಟೇಯ ಹಿಂದೆ, ಹಾಯಿಕಂಬಕ್ಕೆ ಇನ್ನಷ್ಟು ಹತ್ತಿರದಲ್ಲಿ ಒಳತಂತಿಯೊಂದನ್ನು ಅಳವಡಿಸಿ ಅದಕ್ಕೆ ಹಾಯಿಯನ್ನು ಕಟ್ಟುವುದು. ಉಳಿದ ದಿನಗಳಲ್ಲಿ ಈ ತಂತಿಯನ್ನು ಬಿಚ್ಚಿ ಹಾಯಿಕಂಬದ ಪಕ್ಕಕ್ಕೆ ಒಯ್ದು ಕಟ್ಟಿಟ್ಟು, ಬೇಕಾದಾಗ ಸನ್ನೆಕೋಲಿನಿಂದಲೋ ಹಗ್ಗ–ಗಾಲಿಗಳ ಜೋಡಣೆಯಿಂದಲೋ ಡೆಕ್ಕಿಗೆ ಬಿಗಿಯುವ ಪದ್ಧತಿ ಇದೆ. ನಾನು ನಿಸ್ಸಂದೇಹವಾಗಿ ಈ ದಾರಿಯ ಪಕ್ಷಪಾತಿ. ಇಲ್ಲಿ ಹಾಯಿಯ ಬಲ ದೋಣಿಯ ನಡುಭಾಗಕ್ಕೆ ಹತ್ತಿರವಾಗುವುದರಿಂದ ಚುಕ್ಕಾಣಿಯ ಮೇಲಿನ ಸಮತೋಲ ಕೆಡುವುದಿಲ್ಲ. ಹಾಯಿ ಕಟ್ಟಲು ಹೋಗುವವರೂ ಅಲೆಯಲ್ಲಿ ಮುಳುಗೇಳುವ ತುತ್ತತುದಿಯವರೆಗೆ ಹೋಗಬೇಕಾಗಿಲ್ಲ. ಆದರೆ ಡೆಕ್ಕಿನ ಮೇಲೆ ಈ ತಂತಿ ಹಿಡಿಯುವ ಜಾಗದ ಕೆಳಗೆ ಭಾರವನ್ನು ಹಡಗಿನ ಮೈಗೆ ಅಥವಾ ಅಡ್ಡಗೋಡೆಗೆ ಸಾಗಿಸುವ ಗಟ್ಟಿ ಜೋಡಣೆ ಇರಬೇಕು. ಬರೀ ಡೆಕ್ಕಿನ ಹಲಗೆಗೆ ಬೋಲ್ಟ್ ಹಾಕಿದ ಕಣ್ಣು ಆ ಹೊರೆಯಲ್ಲಿ ಡೆಕ್ಕನ್ನೇ ಮೇಲಕ್ಕೆ ಎತ್ತಬಲ್ಲದು. ಒಳತಂತಿಯ ಮೇಲ್ತುದಿ ಹಾಯಿಕಂಬವನ್ನು ನಡುವೆಲ್ಲೋ ಹಿಡಿದಿದ್ದರೆ, ಕಂಬ ಅಲ್ಲಿ ಮುಂದಕ್ಕೆ ಬಾಗದಂತೆ ಹಿಂದಿನಿಂದ ಎಳೆದು ಹಿಡಿಯುವ ರನ್ನಿಂಗ್ ಬ್ಯಾಕ್‌ಸ್ಟೇ ಹಗ್ಗಗಳೂ ಬೇಕಾಗುತ್ತವೆ.

ಎರಡನೆಯ ದಾರಿ, ಸುತ್ತಿಟ್ಟ ಜೆನೋವಾದ ಮೇಲೆಯೇ ಹೊದಿಕೆಯಂತೆ ಸುತ್ತಿಕೊಂಡು ಏರುವ ತೋಳುಳ್ಳ ಹಾಯಿ. ಇದಕ್ಕೆ ಹೊಸ ತಂತಿ ಬೇಕಿಲ್ಲ, ಖರ್ಚೂ ಕಡಿಮೆ. ಆದರೆ ಒಂದು ಹೆಚ್ಚುವರಿ ಹ್ಯಾಲ್ಯಾರ್ಡ್, ಅಂದರೆ ಹಾಯಿಯನ್ನು ಮೇಲಕ್ಕೆಳೆಯುವ ಹಗ್ಗ, ಇರಲೇಬೇಕು. ಜೆನೋವಾ ಬಿಗಿಯಾಗಿ ಸುತ್ತಿಕೊಂಡಿರದಿದ್ದರೆ ತೋಳು ಅಲ್ಲಲ್ಲಿ ಸಿಕ್ಕಿಬೀಳುತ್ತದೆ, ಮತ್ತು ಎಲ್ಲ ಕೆಲಸವೂ ದೋಣಿಯ ಮೂತಿಯಲ್ಲೇ ನಡೆಯಬೇಕು. ಒಳತಂತಿ ಹಾಕಲು ಸಾಧ್ಯವೇ ಇಲ್ಲದ ದೋಣಿಗೆ ಇದು ಒಪ್ಪಬಹುದಾದ ಪರಿಹಾರ.

ಬಂದರಿನಲ್ಲಿ ಮಾಡಿ ಮುಗಿಸಬೇಕಾದದ್ದು

ಹತ್ತು ನಾಟ್‌ನಷ್ಟು ಸಾಧಾರಣ ಗಾಳಿ ಇರುವ ದಿನ, ದೋಣಿಯ ಮೂತಿ ಗಾಳಿಗೆ ಎದುರಾಗಿರುವಂತೆ ಕಟ್ಟಿ, ಹಾಯಿಯನ್ನು ಚೀಲದಿಂದ ತೆಗೆದು ಪೂರ್ತಿ ಏರಿಸಿ ನೋಡಬೇಕು. ಮೊದಲ ಕೆಲಸ ಹಾಯಿಯ ಮುಂದಿನ ಕೆಳಮೂಲೆಯದು. ಆ ಮೂಲೆಗೆ, ಅಂದರೆ ಟ್ಯಾಕ್‌ಗೆ, ಹಿಗ್ಗದ ಹಗ್ಗದ ಅಥವಾ ತಂತಿಯ ತುಂಡೊಂದನ್ನು ಶಾಶ್ವತವಾಗಿ ಸೇರಿಸಿ ಅದರ ಇನ್ನೊಂದು ತುದಿಯನ್ನು ಡೆಕ್ಕಿಗೆ ಹಿಡಿಸಿದರೆ ಹಾಯಿ ಅಷ್ಟು ಮೇಲೆ ನಿಲ್ಲುತ್ತದೆ. ಈ ತುಂಡು ಎಷ್ಟು ಉದ್ದ ಇರಬೇಕೆಂಬುದನ್ನು ಎರಡು ಅಂಶಗಳು ನಿರ್ಧರಿಸುತ್ತವೆ: ಡೆಕ್ಕಿನ ಮೇಲೆ ಬರುವ ಅಲೆ ಹಾಯಿಯ ಹೊಟ್ಟೆಗೆ ತುಂಬಿಕೊಳ್ಳಬಾರದು, ಹಾಯಿಯ ಹಿಂಮೂಲೆಯಿಂದ ಹೊರಡುವ ಶೀಟ್ ಹಗ್ಗ ಡೆಕ್ಕಿನ ಮೇಲಿರುವ ಗಟ್ಟಿ ಬ್ಲಾಕಿಗೆ ಸರಿಯಾದ ಕೋನದಲ್ಲಿ ಬರಬೇಕು. ಅರ್ಧ ಮೀಟರಿನಿಂದ ಒಂದು ಮೀಟರಿನ ನಡುವೆ ಹೆಚ್ಚಿನ ದೋಣಿಗಳಿಗೆ ಉತ್ತರ ಸಿಗುತ್ತದೆ.

ಶೀಟಿನ ಕೋನ ಇಡೀ ಸಿದ್ಧತೆಯ ಕೇಂದ್ರ. ಜೆನೋವಾಕ್ಕೆಂದು ಇರುವ ಹಳಿಯ ಮೇಲೆ ಸ್ಟಾರ್ಮ್ ಜಿಬ್ಬಿಗೆ ಬೇಕಾದ ಬಿಂದು ಸಿಗದೆ ಹೋಗುವುದು ತೀರ ಸಾಮಾನ್ಯ, ಏಕೆಂದರೆ ಈ ಹಾಯಿ ಬಹಳ ಕಿರಿದು, ಅದರ ಹಿಂಮೂಲೆ ಬಹಳ ಮುಂದಿದೆ. ಹಾಯಿ ಏರಿದ ಮೇಲೆ ಶೀಟನ್ನು ಕೈಯಲ್ಲಿ ಹಿಡಿದು ಡೆಕ್ಕಿನ ಬೇರೆ ಬೇರೆ ಜಾಗಗಳಿಂದ ಎಳೆದು ನೋಡಬೇಕು. ಹಾಯಿಯ ಹಿಂದಿನ ಅಂಚು ಪಟಪಟಿಸುತ್ತಿದ್ದರೆ ಎಳೆಯುವ ಬಿಂದುವನ್ನು ಮುಂದಕ್ಕೆ ಸರಿಸಬೇಕು, ಕೆಳಅಂಚು ಸಡಿಲವಾಗಿದ್ದರೆ ಹಿಂದಕ್ಕೆ ಸರಿಸಬೇಕು. ಎರಡೂ ಅಂಚುಗಳು ಸಮನಾಗಿ ಬಿಗಿಗೊಳ್ಳುವ ಜಾಗವೇ ಬೇಕಾದ ಜಾಗ. ಅಲ್ಲಿ ಹಳಿ ಇಲ್ಲದಿದ್ದರೆ ಡೆಕ್ಕಿನಡಿಯಲ್ಲಿ ಒತ್ತುಫಲಕ ಕೊಟ್ಟು ಗಟ್ಟಿಯಾದ ಕಣ್ಣೊಂದನ್ನು ಬೋಲ್ಟ್ ಮಾಡಿಸಿ, ಅದಕ್ಕೆ ಬ್ಲಾಕನ್ನು ಜೋಡಿಸಬೇಕು. ಶೀಟು ಹಾಯಿಕಂಬದ ಬದಿತಂತಿಗಳ ಒಳಗಿನಿಂದ ಬರಬೇಕೋ ಹೊರಗಿನಿಂದಲೋ, ಡೆಕ್ಕಿನ ಅಂಚಿನ ಬೇಲಿತಂತಿಗೆ ಉಜ್ಜುತ್ತದೆಯೋ ಇಲ್ಲವೋ ಎಂಬುದನ್ನು ಈಗಲೇ ನೋಡಬೇಕು. ಶಾಂತ ಗಾಳಿಯಲ್ಲಿ ಸುಮ್ಮನೆ ತಾಗಿಕೊಂಡು ಹೋಗುವ ಹಗ್ಗ ಬಿರುಗಾಳಿಯ ಒಂದು ರಾತ್ರಿಯಲ್ಲಿ ಎರಡು ತುಂಡಾಗುತ್ತದೆ. ಬಿಂದು ಖಚಿತವಾದ ಮೇಲೆ ಎರಡೂ ಬದಿಗೆ ಅಳಿಸಲಾಗದ ಬಣ್ಣದ ಗುರುತು ಹಾಕಿ, ಅದೇ ಬಣ್ಣದ ಪಟ್ಟಿಯೊಂದನ್ನು ಚೀಲದ ಮೇಲೂ ಹೊಲಿದಿಟ್ಟರೆ, ಕತ್ತಲಲ್ಲಿ ಟಾರ್ಚ್ ಬೆಳಕಿನಲ್ಲಿಯೂ ಯಾರಿಗೂ ವಿವರಣೆ ಬೇಕಾಗುವುದಿಲ್ಲ.

ಈ ಹಾಯಿಗೆ ಅದರದೇ ಆದ ಎರಡು ಶೀಟುಗಳಿರಲಿ, ಅವು ಹಿಂಮೂಲೆಗೆ ಸದಾ ಕಟ್ಟಿಕೊಂಡೇ ಇರಲಿ. ಕಟ್ಟಲು ಬೋಲೈನ್ ಗಂಟನ್ನೋ ಹೆಣೆದ ಕುಣಿಕೆಯನ್ನೋ ಬಳಸಬೇಕೇ ಹೊರತು ಲೋಹದ ಕೊಂಡಿಯಾದ ಶ್ಯಾಕಲನ್ನು ಎಂದಿಗೂ ಬಳಸಬಾರದು. ಬಡಿದುಕೊಳ್ಳುವ ಹಾಯಿಯ ಮೂಲೆಯಲ್ಲಿರುವ ಲೋಹದ ತುಂಡು ಮುಂದಿನ ಡೆಕ್ಕಿನಲ್ಲಿರುವವರ ತಲೆಗೆ ಸುತ್ತಿಗೆಯ ಏಟಿದ್ದಂತೆ. ಜೆನೋವಾದ ಶೀಟುಗಳನ್ನು ಬಿಚ್ಚಿ ತಂದು ಇದಕ್ಕೆ ಕಟ್ಟುವ ಯೋಜನೆಯನ್ನು ಕೆಲವರು ಹಾಕಿಕೊಂಡಿರುತ್ತಾರೆ. ಅದು ತಪ್ಪು, ಏಕೆಂದರೆ ಸುತ್ತಿಟ್ಟ ಜೆನೋವಾ ಬಿಚ್ಚಿಕೊಳ್ಳದಂತೆ ಕಾಯುವುದರಲ್ಲಿ ಆ ಶೀಟುಗಳಿಗೆ ಪಾತ್ರವಿದೆ.

ಹ್ಯಾಲ್ಯಾರ್ಡಿನ ಮೇಲೆ, ಹಾಯಿ ಪೂರ್ತಿ ಬಿಗಿಗೊಂಡಾಗ ವಿಂಚಿನ ಬಳಿ ಬರುವ ಜಾಗಕ್ಕೆ ದಾರದ ಸುತ್ತು ಹಾಕಿ ಗುರುತು ಮಾಡಬಹುದು. ಕೊನೆಗೆ ಇಡೀ ಕ್ರಮವನ್ನು, ಚೀಲ ತೆಗೆಯುವುದರಿಂದ ಹಿಡಿದು ಶೀಟು ಬಿಗಿಯುವವರೆಗೆ, ದೋಣಿಯಲ್ಲಿ ಸಾಗುವ ಪ್ರತಿಯೊಬ್ಬರೂ ಲೈಫ್ ಜಾಕೆಟ್, ಹಾರ್ನೆಸ್ (ದೋಣಿಗೆ ಕಟ್ಟಿಕೊಳ್ಳುವ ಸುರಕ್ಷಾಪಟ್ಟಿ), ಕೈಗವಸು ತೊಟ್ಟುಕೊಂಡೇ ಒಮ್ಮೆ ಮಾಡಿ ನೋಡಬೇಕು. ಬರಿಗೈಯಲ್ಲಿ ಸಲೀಸಾಗಿ ತೆರೆಯುವ ಹ್ಯಾಂಕು ಗವಸಿನಲ್ಲಿ ತೆರೆಯದಿರಬಹುದು, ಹಾರ್ನೆಸ್ಸಿನ ಹಗ್ಗ ಒಳತಂತಿಯ ಬುಡದವರೆಗೆ ತಲುಪದಿರಬಹುದು. ಇಂಥ ಸಂಗತಿಗಳು ಹೊರಬೀಳುವುದು ಹೀಗೆ ಮಾಡಿದಾಗ ಮಾತ್ರ. ಬಂದರಿನ ಅಭ್ಯಾಸದ ಬಳಿಕ 20 ರಿಂದ 25 ನಾಟ್ ಗಾಳಿಯಲ್ಲಿ ಹೊರಗೆ ಹೋಗಿ ಇದೇ ಹಾಯಿಯಲ್ಲಿ ಒಂದಿಷ್ಟು ಹೊತ್ತು ಸಾಗಿದರೆ ಚುಕ್ಕಾಣಿಯ ನಡವಳಿಕೆಯೂ ತಿಳಿಯುತ್ತದೆ.

ಯಾವಾಗ ಏರಿಸುವುದು

ಬೋಫರ್ಟ್ ಮಾಪನದಲ್ಲಿ 34 ರಿಂದ 40 ನಾಟ್ ಗಾಳಿ 8ನೆಯ ದರ್ಜೆ, 41 ರಿಂದ 47 ನಾಟ್ 9ನೆಯದು, 48 ರಿಂದ 55 ನಾಟ್ 10ನೆಯದು. ಸ್ಟಾರ್ಮ್ ಜಿಬ್ಬಿನ ಬಳಕೆ 8ನೆಯ ದರ್ಜೆಯ ಮೇಲ್ತುದಿಯಲ್ಲಿ ಆರಂಭವಾಗುತ್ತದೆ ಎನ್ನಬಹುದಾದರೂ, ಅದನ್ನು ತಂತಿಗೆ ಕಟ್ಟುವ ಕೆಲಸ ಗಾಳಿ 30 ನಾಟ್ ಮುಟ್ಟುವ ಮೊದಲೇ ಮುಗಿದಿರಬೇಕು. ಹವಾಮಾನದ ಮುನ್ಸೂಚನೆಯಲ್ಲಿ ಬಿರುಗಾಳಿಯ ಎಚ್ಚರಿಕೆ ಇದ್ದರೆ, ಅಥವಾ ವಾಯುಭಾರಮಾಪಕ ಮೂರು ಗಂಟೆಗಳಲ್ಲಿ 6 ಹೆಕ್ಟೊಪಾಸ್ಕಲ್‌ಗಿಂತ ಹೆಚ್ಚು ಕುಸಿದಿದ್ದರೆ, ಕಾದು ನೋಡುವುದರಲ್ಲಿ ಲಾಭವಿಲ್ಲ. ಹಾಯಿಯನ್ನು ಒಳತಂತಿಗೆ ಕಟ್ಟಿ, ಡೆಕ್ಕಿನ ಮೇಲೆ ಮಡಿಸಿ, ಪಟ್ಟಿಗಳಿಂದ ಬಿಗಿದಿಟ್ಟರೆ ಅದು ಯಾರಿಗೂ ಅಡ್ಡಿಯಾಗುವುದಿಲ್ಲ. ಬಿರುಗಾಳಿ ಬಾರದೆ ಹೋದರೆ ಮತ್ತೆ ಚೀಲಕ್ಕೆ ತುಂಬುವ ಶ್ರಮವಷ್ಟೇ ನಷ್ಟ. ಕತ್ತಲಾಗುವ ಮೊದಲು, ಸಿಬ್ಬಂದಿಗೆ ಊಟವಾಗಿರುವಾಗ, ಕಡಲಬೇನೆ ಇನ್ನೂ ಯಾರನ್ನೂ ಕೆಡವದಿರುವಾಗ ಈ ಕೆಲಸ ಮಾಡುವುದಕ್ಕೂ, ನಡುರಾತ್ರಿ 40 ನಾಟ್ ಗಾಳಿಯಲ್ಲಿ ಮಾಡುವುದಕ್ಕೂ ಹೋಲಿಕೆಯೇ ಇಲ್ಲ.

ಕಡಲಿನ ಮೇಲೆ ಏರಿಸುವಾಗ

ಮೊದಲು ಮುಖ್ಯ ಹಾಯಿಯನ್ನು ಕೊನೆಯ ರೀಫ್‌ವರೆಗೆ (ಹಾಯಿಯನ್ನು ಮಡಿಸಿ ಕಟ್ಟುವ ಕೊನೆಯ ಹಂತದವರೆಗೆ) ಕಿರಿದು ಮಾಡಿ, ಜೆನೋವಾವನ್ನು ಪೂರ್ತಿಯಾಗಿ ಬಿಗಿಯಾಗಿ ಸುತ್ತಬೇಕು. ಪೂರ್ತಿ ಸುತ್ತಿದ ಬಳಿಕವೂ ಫರ್ಲರನ್ನು ಇನ್ನೂ ಮೂರು ನಾಲ್ಕು ಸುತ್ತು ತಿರುಗಿಸಿ ಶೀಟುಗಳು ಹಾಯಿಯ ಮೇಲೆ ಸುತ್ತಿಕೊಳ್ಳುವಂತೆ ಮಾಡಿ, ಫರ್ಲರಿನ ಹಗ್ಗವನ್ನು ಕ್ಲೀಟಿಗೆ ಹಾಕಿದ್ದಲ್ಲದೆ ಮತ್ತೊಂದು ಗಟ್ಟಿ ಜಾಗಕ್ಕೂ ಕಟ್ಟಬೇಕು.

ಮುಂದಿನ ಡೆಕ್ಕಿಗೆ ಹೋಗುವ ಮುನ್ನ ದೋಣಿಯ ದಿಕ್ಕು ಬದಲಿಸುವ ಉಪಾಯ ಬಹಳ ಬೆಲೆಯುಳ್ಳದ್ದು, ಆದರೂ ಆತುರದಲ್ಲಿ ಹೆಚ್ಚಿನವರಿಗೆ ಹೊಳೆಯುವುದಿಲ್ಲ. 30 ನಾಟ್ ಗಾಳಿಗೆ ಓರೆಯಾಗಿ ಎದುರು ಹೋಗುತ್ತಿರುವ, 6 ನಾಟ್ ವೇಗದ ದೋಣಿಯ ಡೆಕ್ಕಿನ ಮೇಲೆ ಸುಮಾರು 34 ನಾಟ್ ಗಾಳಿ ಬೀಸುತ್ತದೆ. ಅದೇ ದೋಣಿ ಗಾಳಿಯ ದಿಕ್ಕಿನಲ್ಲೇ ಓಡಿದರೆ ಡೆಕ್ಕಿನ ಮೇಲಿನ ಗಾಳಿ 24 ನಾಟ್. ವರ್ಗದ ಲೆಕ್ಕದಲ್ಲಿ ಒತ್ತಡ ಅರ್ಧಕ್ಕೆ ಇಳಿಯಿತು. ಅಲೆಗಳೂ ಮೂತಿಯ ಮೇಲೆ ಒಡೆಯುವುದು ನಿಲ್ಲುತ್ತದೆ. ಗಾಳಿಯ ಮುಂದೆ ಓಡಲು ಸಾಕಷ್ಟು ತೆರೆದ ನೀರು ಇದ್ದರೆ, ತುಸು ಒಂದು ಬದಿಗೆ ಓರೆಯಾಗಿ ಓಡಿಸುತ್ತ, ಮುಖ್ಯ ಹಾಯಿಯ ಮರೆಯಲ್ಲಿ ಸ್ಟಾರ್ಮ್ ಜಿಬ್ ಏರಿಸುವುದು ಅತ್ಯಂತ ಸುಲಭದ ಕ್ರಮ. ಇಲ್ಲಿ ಮುಖ್ಯ ಹಾಯಿ ಅಚಾನಕ್ಕಾಗಿ ಒಂದು ಬದಿಯಿಂದ ಇನ್ನೊಂದಕ್ಕೆ ಬೀಸಿ ಬೀಳದಂತೆ ಅದರ ಬುಡದ ಅಡ್ಡಕಂಬವಾದ ಬೂಮನ್ನು ಮುಂದಕ್ಕೆಳೆದು ಕಟ್ಟಿರಬೇಕು, ಚುಕ್ಕಾಣಿ ಹಿಡಿದವರು ಬೇರಾವುದಕ್ಕೂ ಗಮನ ಕೊಡಬಾರದು.

ಮುಂದೆ ಹೋಗುವವರು ಕಾಕ್‌ಪಿಟ್ಟಿನಲ್ಲಿರುವಾಗಲೇ ಹಾರ್ನೆಸ್ಸನ್ನು ಡೆಕ್ಕಿನುದ್ದಕ್ಕೆ ಎಳೆದು ಕಟ್ಟಿದ ಜ್ಯಾಕ್‌ಲೈನಿಗೆ ಸಿಕ್ಕಿಸಿಕೊಂಡು, ಗಾಳಿ ಬರುವ ಬದಿಯಿಂದ, ಅಗತ್ಯವಾದರೆ ತೆವಳಿಕೊಂಡೇ ಹೋಗಬೇಕು. ಚೀಲವನ್ನು ಮೊದಲು ಡೆಕ್ಕಿಗೆ ಕಟ್ಟಿ, ಆಮೇಲೆ ಬಾಯಿ ಬಿಚ್ಚಬೇಕು. ಒಳತಂತಿಯನ್ನು ಬಿಗಿದ ಬಳಿಕ ಮೊದಲು ಹಿಡಿಸಬೇಕಾದದ್ದು ಟ್ಯಾಕ್‌. ಆಮೇಲೆ ಕೆಳಗಿನಿಂದ ಮೇಲಕ್ಕೆ ಒಂದೊಂದೇ ಹ್ಯಾಂಕು, ಎಲ್ಲವೂ ಒಂದೇ ದಿಕ್ಕಿಗೆ ಮುಖ ಮಾಡಿರುವಂತೆ. ಆಮೇಲೆ ಎರಡೂ ಶೀಟುಗಳು ಗುರುತಿನ ಬ್ಲಾಕುಗಳ ಮೂಲಕ ಹಾದು ಕಾಕ್‌ಪಿಟ್ಟನ್ನು ಸೇರಬೇಕು. ತುದಿಗೆ ಎಂಟರ ಆಕಾರದ ಗಂಟು ಇರಬೇಕು. ಹ್ಯಾಲ್ಯಾರ್ಡನ್ನು ಎಲ್ಲಕ್ಕಿಂತ ಕೊನೆಗೆ ಸಿಕ್ಕಿಸಿ, ಸಿಕ್ಕಿಸುವ ಮೊದಲು ಮೇಲಕ್ಕೆ ನೋಡಿ ಅದು ಯಾವ ತಂತಿಗೂ ಸುತ್ತಿಕೊಂಡಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಹ್ಯಾಲ್ಯಾರ್ಡಿನ ಶ್ಯಾಕಲ್ ಕೈಯಿಂದ ಜಾರಿದರೆ ಅದು ಕಂಬದ ತುದಿಯಲ್ಲಿ ಹಾರಾಡುತ್ತದೆ. ಹಾಗಾಗಿ ಅದನ್ನು ಒಂದು ಕ್ಷಣವೂ ಬರಿದೆ ಬಿಡಬಾರದು.

ಏರಿಸುವಾಗ ಮುಂದಿರುವವರು ಹಿಂದಕ್ಕೆ ಸರಿದು, ಹಾಯಿಯ ಹಿಂಮೂಲೆ ತಲುಪಲಾಗದ ಜಾಗದಲ್ಲಿ ಕುಳಿತುಕೊಳ್ಳಬೇಕು. ಕಾಕ್‌ಪಿಟ್ಟಿನಲ್ಲಿರುವವರು ಗಾಳಿಮರೆಯ ಬದಿಯ ಶೀಟನ್ನು ಮೊದಲೇ ಅರ್ಧದಷ್ಟು ಎಳೆದಿಟ್ಟುಕೊಂಡು, ಹ್ಯಾಲ್ಯಾರ್ಡನ್ನು ತಡೆಯಿಲ್ಲದೆ ಒಂದೇ ಸಮನೆ ಎಳೆಯಬೇಕು. ಶೀಟು ಸಡಿಲವಿದ್ದಷ್ಟೂ ಹಾಯಿ ಹೆಚ್ಚು ಬಡಿದುಕೊಂಡು ತನ್ನ ಹೊಲಿಗೆಯನ್ನೂ ತಂತಿಯನ್ನೂ ಅಲುಗಾಡಿಸುತ್ತದೆ. ಮುಂದಿನ ಅಂಚಿನಲ್ಲಿ ಉದ್ದಕ್ಕೆ ಒಂದು ಗೆರೆ ಮೂಡುವಷ್ಟು ಹ್ಯಾಲ್ಯಾರ್ಡ್ ಬಿಗಿದ ಮೇಲೆ ಶೀಟನ್ನು ಎಳೆದು ಬಿಗಿಯಬೇಕು. ಹಾಯಿ ಭಾರ ಹೊತ್ತು ಹತ್ತು ನಿಮಿಷವಾದ ಬಳಿಕ ಹ್ಯಾಲ್ಯಾರ್ಡ್ ತುಸು ಹಿಗ್ಗಿರುತ್ತದೆ, ಆಗ ಮತ್ತೊಮ್ಮೆ ಬಿಗಿಯಬೇಕಾಗುತ್ತದೆ.

ಏರಿದ ಬಳಿಕ ದೋಣಿಯನ್ನು ನಡೆಸುವುದು

ಬಿರುಗಾಳಿಯಲ್ಲಿ ದೋಣಿಗೆ ಎದುರಾಗುವ ದೊಡ್ಡ ಅಪಾಯ ಒಡೆಯುವ ಅಲೆ. ಅಲೆ ಬದಿಯಿಂದ ಬಂದಾಗ, ಅದರ ಎತ್ತರ ದೋಣಿಯ ಉದ್ದದ ಶೇಕಡಾ 30ನ್ನು ಮೀರಿದ್ದರೆ ದೋಣಿ ಮಗುಚುವ ಸಾಧ್ಯತೆ ಇದೆಯೆಂದು ಮಾದರಿ ದೋಣಿಗಳ ಮೇಲಿನ ಪರೀಕ್ಷೆಗಳು ತೋರಿಸಿವೆ. 12 ಮೀಟರ್ ಉದ್ದದ ದೋಣಿಗೆ ಇದು ಕೇವಲ 3.6 ಮೀಟರಿನ ಅಲೆ. ಈ ವಿಷಯದ ಅಧ್ಯಯನಕ್ಕೆ ಚಾಲನೆ ಕೊಟ್ಟದ್ದು 1979ರ ಆಗಸ್ಟ್ ತಿಂಗಳಿನ ಫಾಸ್ಟ್‌ನೆಟ್ ಸ್ಪರ್ಧೆ. ಹೊರಟ 303 ದೋಣಿಗಳ ಮೇಲೆ ಬಿರುಗಾಳಿ ಎರಗಿದಾಗ 15 ಮಂದಿ ಸ್ಪರ್ಧಿಗಳು ಪ್ರಾಣ ಕಳೆದುಕೊಂಡರು, 24 ದೋಣಿಗಳನ್ನು ಅವುಗಳ ಸಿಬ್ಬಂದಿ ತೊರೆಯಬೇಕಾಯಿತು. ಹಾಯಿಗಳನ್ನೆಲ್ಲ ಇಳಿಸಿದ ದೋಣಿ ಅಲೆಗೆ ಬದಿಯೊಡ್ಡಿ ಹೊರಳಾಡುವುದೇ ಹೆಚ್ಚು. ಸ್ಟಾರ್ಮ್ ಜಿಬ್ಬಿನ ನಿಜವಾದ ಕೆಲಸವೆಂದರೆ ಚುಕ್ಕಾಣಿ ನೀರನ್ನು ಹಿಡಿಯುವಷ್ಟು ವೇಗವನ್ನು ದೋಣಿಯಲ್ಲಿ ಉಳಿಸಿ, ಅಲೆಗೆ ಯಾವ ಕೋನದಲ್ಲಿ ಮೈಯೊಡ್ಡಬೇಕೆಂಬ ಆಯ್ಕೆಯನ್ನು ನಡೆಸುವವರ ಕೈಯಲ್ಲಿಡುವುದು.

ಗಾಳಿ ತಳ್ಳುವ ದಿಕ್ಕಿನಲ್ಲಿ ದಡವಿದ್ದು, ಅದರಿಂದ ದೂರ ಸರಿಯಬೇಕಾದಾಗ ಸ್ಟಾರ್ಮ್ ಜಿಬ್ ಒಂದೇ ಸಾಲದು. ಅದರ ಬಲವೆಲ್ಲ ಮುಂಭಾಗದಲ್ಲಿರುವುದರಿಂದ ದೋಣಿಯ ಮೂತಿ ಗಾಳಿಯಿಂದ ಆಚೆಗೆ ತಿರುಗುತ್ತಲೇ ಇರುತ್ತದೆ. ಅದಕ್ಕೆ ಹಿಂದಿನಿಂದ ಜೊತೆ ಕೊಡಲು ಕೊನೆಯ ರೀಫ್‌ನ ಮುಖ್ಯ ಹಾಯಿಯೋ ಟ್ರೈಸೈಲೋ ಬೇಕು. ಟ್ರೈಸೈಲ್ ಎಂಬುದು ಮುಖ್ಯ ಹಾಯಿಯ ಬದಲಿಗೆ ಹಾಯಿಕಂಬದ ಮೇಲೆ ಏರುವ, ಬೂಮಿನ ಹಂಗಿಲ್ಲದೆ ಹಗ್ಗಗಳಿಂದಲೇ ಹಿಂಭಾಗಕ್ಕೆ ಬಿಗಿಯುವ ಬಿರುಗಾಳಿ ಹಾಯಿ. ನಿಯಮಾವಳಿಯಂತೆ ಅದರ ವಿಸ್ತೀರ್ಣ ಮುಖ್ಯ ಹಾಯಿಯ ಎತ್ತರ ಮತ್ತು ಬುಡದ ಉದ್ದಗಳ ಗುಣಲಬ್ಧದ ಶೇಕಡಾ 17.5ನ್ನು ಮೀರುವಂತಿಲ್ಲ. ಎರಡೂ ಹಾಯಿಗಳಿದ್ದಾಗಲೂ ದೋಣಿಯನ್ನು ಗಾಳಿಗೆ ತೀರ ಸಮೀಪ ಒಯ್ಯಲು ಹವಣಿಸಬಾರದು. ಎಂದಿಗಿಂತ ಹತ್ತು ಹದಿನೈದು ಡಿಗ್ರಿ ಸಡಿಲವಾಗಿ, ವೇಗ ಕಾಯ್ದುಕೊಂಡು ಹೋದರೆ ಬದಿಗೆ ಜಾರುವುದು ಕಡಿಮೆಯಾಗುತ್ತದೆ.

ಸ್ಥಳವಿದ್ದು ವಿಶ್ರಾಂತಿ ಬೇಕಾದಾಗ ದೋಣಿಯನ್ನು ಹೀವ್ ಟು ಸ್ಥಿತಿಯಲ್ಲಿ ನಿಲ್ಲಿಸಬಹುದು. ಸ್ಟಾರ್ಮ್ ಜಿಬ್ಬಿನ ಶೀಟನ್ನು ಗಾಳಿ ಬರುವ ಬದಿಗೆ ಬಿಗಿದು, ಹಿಂದಿನ ಹಾಯಿಯನ್ನು ತುಸು ಸಡಿಲಿಸಿ, ಚುಕ್ಕಾಣಿಯ ಹಿಡಿಗೋಲಾದ ಟಿಲ್ಲರನ್ನು ಗಾಳಿಮರೆಯ ಬದಿಗೆ ಕಟ್ಟಿದರೆ ಎರಡು ಬಲಗಳು ಒಂದನ್ನೊಂದು ತಡೆದುಕೊಂಡು ದೋಣಿ ನಿಧಾನವಾಗಿ ಜಾರುತ್ತ ನಿಲ್ಲುತ್ತದೆ. ಉದ್ದ ಕೀಲ್‌ನ ಹಳೆಯ ದೋಣಿಗಳು ಈ ಸ್ಥಿತಿಯಲ್ಲಿ ಸೊಗಸಾಗಿ ನಿಲ್ಲುತ್ತವೆ. ಕಿರಿದಾದ ಕೀಲ್‌ನ ಆಧುನಿಕ ದೋಣಿಗಳಲ್ಲಿ ತಿರುಗಿಸಿ ಬಿಗಿದ ಜಿಬ್ ಮೂತಿಯನ್ನು ಬಹಳ ದೂರ ತಳ್ಳಿ ದೋಣಿಯನ್ನು ಅಲೆಗೆ ಅಡ್ಡವಾಗಿಸಬಹುದು. ಅಂಥವುಗಳಲ್ಲಿ ಜಿಬ್ ಇಳಿಸಿ ಟ್ರೈಸೈಲ್ ಒಂದರಲ್ಲೇ ಪ್ರಯತ್ನಿಸುವುದು ವಾಸಿ. ಇದೂ ಬಂದರಿನ ಹೊರಗೆ ಸಾಧಾರಣ ಗಾಳಿಯಲ್ಲಿ ನೋಡಿಕೊಂಡಿರಬೇಕಾದ ಸಂಗತಿ.

ಗಾಳಿಯ ಮುಂದೆ ಓಡುವಾಗ ಮುಖ್ಯ ಹಾಯಿಯನ್ನು ಪೂರ್ತಿ ಇಳಿಸಿ, ಸ್ಟಾರ್ಮ್ ಜಿಬ್ಬಿನ ಎರಡೂ ಶೀಟುಗಳನ್ನು ಬಿಗಿದು ಹಾಯಿಯನ್ನು ದೋಣಿಯ ನಡುಗೆರೆಯ ಮೇಲೆ ಚಪ್ಪಟೆಯಾಗಿ ನಿಲ್ಲಿಸಬೇಕು. ದೋಣಿಯ ಮೂತಿ ಯಾವ ಕಡೆಗೆ ತಿರುಗಹೋದರೂ ಗಾಳಿ ಹಾಯಿಯ ಆ ಮೈಗೆ ಬಡಿದು ಅದನ್ನು ಮರಳಿ ದಾರಿಗೆ ತಳ್ಳುತ್ತದೆ. ಅಲೆಯ ಇಳಿಜಾರಿನಲ್ಲಿ ವೇಗ ಅತಿಯಾಗುತ್ತಿದ್ದರೆ ಹಿಂಭಾಗದಿಂದ ಉದ್ದನೆಯ ದಪ್ಪ ಹಗ್ಗಗಳನ್ನೋ ನೀರಿನಲ್ಲಿ ತಡೆಯೊಡ್ಡುವ ಸಾಧನವಾದ ಡ್ರೋಗನ್ನೋ ಎಳೆಯಬಿಟ್ಟು ವೇಗ ತಗ್ಗಿಸಬೇಕು.

ಇಳಿಸಿ, ಒಣಗಿಸಿ, ಮಡಿಸುವುದು

ಗಾಳಿ ಇಳಿದ ಕೂಡಲೆ ದೊಡ್ಡ ಹಾಯಿ ಬಿಚ್ಚುವ ಆತುರ ಸಹಜ. ಗಾಳಿಗಿಂತ ಅಲೆಗಳು ನಿಧಾನವಾಗಿ ತಗ್ಗುವುದರಿಂದ, ಗಾಳಿ ಕನಿಷ್ಠ ಒಂದು ಗಂಟೆ ಕೆಳಗಿನ ಮಟ್ಟದಲ್ಲೇ ನಿಂತದ್ದನ್ನು ನೋಡಿ ಮುಂದುವರಿಯಬೇಕು. ಇಳಿಸುವಾಗಲೂ ಗಾಳಿಯ ಮುಂದೆ ಓಡುತ್ತ, ಮುಖ್ಯ ಹಾಯಿ ಮೇಲಿದ್ದರೆ ಅದರ ಮರೆಯಲ್ಲಿ, ಶೀಟನ್ನು ಬಿಗಿಯಾಗಿಯೇ ಇಟ್ಟು ಹ್ಯಾಲ್ಯಾರ್ಡ್ ಬಿಡಬೇಕು. ಹಾಯಿ ಡೆಕ್ಕಿನ ಒಳಗೇ ಬೀಳುತ್ತದೆ. ಹ್ಯಾಂಕುಗಳನ್ನು ಬಿಚ್ಚುವ ಮೊದಲು ಹಾಯಿಗೆ ಪಟ್ಟಿ ಸುತ್ತಬೇಕು.

ದಡ ಸೇರಿದ ಮೇಲೆ ಹಾಯಿಯನ್ನು ಸಿಹಿನೀರಿನಲ್ಲಿ ತೊಳೆದು ನೆರಳಿನಲ್ಲಿ ಪೂರ್ತಿ ಒಣಗಿಸಿ, ಮೂರು ಮೂಲೆಗಳ ಹೊಲಿಗೆಯನ್ನೂ ಹ್ಯಾಂಕುಗಳ ಸ್ಪ್ರಿಂಗುಗಳನ್ನೂ ಒಂದೊಂದಾಗಿ ನೋಡಬೇಕು. ಉಪ್ಪು ಕಚ್ಚಿ ಬಿಗಿಯಾದ ಹ್ಯಾಂಕಿಗೆ ಒಂದು ಹನಿ ಎಣ್ಣೆ ಸಾಕು. ಶೀಟುಗಳು ಬ್ಲಾಕಿನ ಮೇಲೆ ಹಾದ ಭಾಗದಲ್ಲಿ ಎಳೆಗಳು ಎದ್ದಿದ್ದರೆ ಅವುಗಳನ್ನು ಬದಲಿಸಬೇಕು. ಮಡಿಸುವಾಗ ಹ್ಯಾಂಕುಗಳನ್ನು ಕ್ರಮ ತಪ್ಪದಂತೆ ಸಣ್ಣ ಹಗ್ಗವೊಂದಕ್ಕೆ ಪೋಣಿಸಿ, ಟ್ಯಾಕ್ ಎಲ್ಲಕ್ಕಿಂತ ಮೇಲೆ ಬರುವಂತೆ ಇಟ್ಟು, ಶೀಟುಗಳನ್ನು ಸುರುಳಿ ಸುತ್ತಿ ಅದೇ ಚೀಲಕ್ಕೆ ಸೇರಿಸಬೇಕು. ಮೂಲೆಗಳ ಮೇಲೆ ದಪ್ಪ ಅಕ್ಷರಗಳಲ್ಲಿ ಅವುಗಳ ಹೆಸರು ಬರೆದಿರಲಿ. ಚೀಲದ ಜಾಗ ದೋಣಿಯ ತಳದಲ್ಲಿರುವ ಲಂಗರಿನ ಸರಪಳಿಯ ಕೆಳಗೂ ಅಲ್ಲ, ಮಲಗುವ ಹಲಗೆಯ ಹಿಂದಿನ ಮೂಲೆಯೂ ಅಲ್ಲ. ಬೇರೆ ಯಾವ ಸಾಮಾನನ್ನೂ ಸರಿಸದೆ ಒಂದೇ ಕೈಯಲ್ಲಿ ಎಳೆದು ತೆಗೆಯಬಹುದಾದ, ಕಾಕ್‌ಪಿಟ್ಟಿನ ಪೆಟ್ಟಿಗೆಯ ಮೇಲಿನ ಪದರ.